ಮಡಿಚಿದ ಕಫ್, ಮೆರೆದ ಲಿಂಕ್

ಬೆಂಗಳೂರಿನ ಅರಮನೆ ಮೈದಾನದಿಂದ ಹೆಬ್ಬಾಳ, ಯಲಹಂಕದವರೆಗೆ ಯಾವ ಆರತಕ್ಷತೆಗೆ ಹೋದರೂ ಈಗ ವರನ ಮುಂಗೈ ಮಿನುಗುತ್ತಿರುತ್ತದೆ. ಬೆಳಗಿನ ಮುಹೂರ್ತಕ್ಕೆ ಪಂಚೆ, ಶಲ್ಯ, ಪೇಟದಲ್ಲಿ ಕೂತಿದ್ದ ಹುಡುಗ ಸಂಜೆ ಸೂಟಿನಲ್ಲಿ ಬರುತ್ತಾನೆ. ಸೂಟಿನ ಜೊತೆ ಒಂದು ಪೆಟ್ಟಿಗೆಯೂ ಬಂದಿರುತ್ತದೆ, ಅದರಲ್ಲಿ ಟೈ, ಜೇಬಿನ ಕರವಸ್ತ್ರ, ಗುಂಡಿಯ ಬದಲು ತೋಳಿನ ಕಫ್ ಹಿಡಿಯುವ ಒಂದು ಜೊತೆ ಕಫ್‌ಲಿಂಕ್. ಗಂಡಸರ ಉಡುಪಿನ ಬಗ್ಗೆ ಬರೆಯುವ ನಮ್ಮ ಲೇಖಕರು ಈ ಲಿಂಕನ್ನು ಅಭಿರುಚಿಯ ಕೊನೆಯ ಮೆಟ್ಟಿಲು ಎಂದು ಹೊಗಳುತ್ತಾರೆ. ಈ ಹೊಗಳಿಕೆ ವಿಳಾಸ ತಪ್ಪಿದೆ ಎಂಬುದು ನನ್ನ ತಕರಾರು. ಚೆಂದವೆಲ್ಲ ಇರುವುದು ಮಡಿಚುವ ಕಫಿನಲ್ಲಿ. ಲೋಹದ ತುಂಡು ಅದರ ಕೀರ್ತಿಯನ್ನು ತನ್ನ ಹೆಸರಿಗೆ ಬರೆಸಿಕೊಂಡಿದೆ.

ಕಫಿನ ಒಳಗೆ ಏನಿದೆ ನೋಡೋಣ. ಸಾಮಾನ್ಯ ಅಂಗಿಯಲ್ಲಿ ಕಫಿನ ಒಂದು ಅಂಚು ಇನ್ನೊಂದರ ಮೇಲೆ ಕೂರುತ್ತದೆ, ಗುಂಡಿ ಅದನ್ನು ಹಿಡಿಯುತ್ತದೆ. ಮಡಿಚುವ ಕಫ್, ಅಂದರೆ ಫ್ರೆಂಚ್ ಕಫ್, ಹೆಚ್ಚುಕಡಿಮೆ ಅದರ ಎರಡರಷ್ಟು ಉದ್ದ. ಹಿಂದಕ್ಕೆ ಮಡಿಚಿದಾಗ ಎರಡು ಪದರವಾಗುತ್ತದೆ. ಅಂಚುಗಳು ಒಂದರ ಮೇಲೊಂದು ಏರದೆ, ಒಳಮೈಗೆ ಒಳಮೈ ತಾಗಿಸಿಕೊಂಡು ಹೊರಕ್ಕೆ ಚಾಚಿ ನಿಲ್ಲುತ್ತವೆ. ನಾಲ್ಕು ಕಾಜಗಳನ್ನು ತೂರಿಕೊಂಡು ಲಿಂಕ್ ಹೋಗುತ್ತದೆ. ಪ್ರತಿ ಪದರಕ್ಕೂ ಎರಡು ಬಟ್ಟೆ, ನಡುವೆ ಕ್ಯಾನ್ವಾಸ್. ಲಿಂಕ್ ತೂರುವ ಕಡೆ ಎರಡೂ ಅಂಚು ಸೇರಿಸಿ ಲೆಕ್ಕ ಹಾಕಿದರೆ ಎಂಟು ಬಟ್ಟೆ, ನಾಲ್ಕು ಕ್ಯಾನ್ವಾಸ್. ಇಷ್ಟು ದಪ್ಪದ ವಸ್ತು ಮುಂಗೈಯ ಮೇಲೆ ಹಗುರವಾಗಿ ಕಾಣಬೇಕು. ಕಟಿಂಗ್ ಮಾಸ್ಟರ್‌ನ ಪರೀಕ್ಷೆ ಅದು.

ಮೊದಲ ತೊಡಕು, ಮಡಿಚಿದಾಗ ಒಳಮೈ ಹೊರಗೆ ಬರುತ್ತದೆ. ಬೇರೆಲ್ಲ ಕಡೆ ಅಂಗಿಯ ಹೊರಬಟ್ಟೆ ಜನರ ಕಣ್ಣಿಗೆ, ಒಳಬಟ್ಟೆ ಮೈಗೆ. ಇಲ್ಲಿ ಮಾತ್ರ ಒಳಬಟ್ಟೆಯೇ ಸಭೆಗೆ ಮುಖ ಮಾಡುತ್ತದೆ. ಗೆರೆಯ ಬಟ್ಟೆಯಾದರೆ ಗೆರೆ ಕೂಡಬೇಕಾದ್ದು ಆ ಕಡೆ. ಮೇಲುಹೊಲಿಗೆಯ ಅಚ್ಚುಕಟ್ಟು ಕಾಣಬೇಕಾದ್ದೂ ಆ ಕಡೆಯೇ. ರೂಢಿಯ ಪ್ರಕಾರ ಹೊರಬಟ್ಟೆ ಮೇಲಿಟ್ಟು ಹೊಲಿದರೆ, ಬಾಬಿನ್ ದಾರದ ಸಾಲು ಮೆರವಣಿಗೆಗೆ ಬರುತ್ತದೆ. ಎರಡನೆಯದು, ಮಡಿಕೆ ಬಟ್ಟೆಯನ್ನು ತಿನ್ನುತ್ತದೆ. ಕಫನ್ನು ಸರಿಯಾಗಿ ಅರ್ಧಕ್ಕೆ ಭಾಗ ಮಾಡಿದರೆ, ಮೇಲಿನ ಪದರ ಒಳಗಿನ ದಪ್ಪವನ್ನು ಸುತ್ತಿ ಬರುವಷ್ಟರಲ್ಲಿ ತುಸು ಗಿಡ್ಡವಾಗಿ, ತೋಳಿಗೆ ಕಫ್ ಕೂಡಿಸಿದ ಹೊಲಿಗೆ ಇಣುಕುತ್ತದೆ. ಹಾಗಾಗಿ ಹಿಂದಕ್ಕೆ ಮಡಿಚುವ ಭಾಗ ಒಂದಿಷ್ಟು ಉದ್ದವಿರಬೇಕು. ಅದಕ್ಕೆ ತಕ್ಕಂತೆ ಕಾಜಗಳನ್ನೂ ಮಡಿಕೆಯ ಗೆರೆಯಿಂದ ಅಳೆಯಬೇಕು. ಎರಡು ಅಂಚುಗಳಿಂದ ಅಳೆದರೆ ಕಾಜಗಳು ನೇರಕ್ಕೆ ಬರುವುದಿಲ್ಲ. ಲಿಂಕ್ ಓರೆಯಾಗಿ ತೂರುತ್ತದೆ, ಮೇಲಿನ ಪದರ ಸುಕ್ಕುಗಟ್ಟುತ್ತದೆ. ಆರತಕ್ಷತೆಯ ಫೋಟೊಗಳಲ್ಲಿ ಈ ಸುಕ್ಕು ಎದ್ದು ಕಾಣುತ್ತದೆ. ನೋಡುವವರು ಲಿಂಕನ್ನು ಹೊಗಳಿ ಮುಂದೆ ಹೋಗುತ್ತಾರೆ.

ಕ್ಯಾನ್ವಾಸಿನ ವಿಚಾರ ಇನ್ನೂ ಗಂಭೀರ. ಸಿದ್ಧ ಉಡುಪಿನಲ್ಲಿ ಕಾಲರ್, ಕಫ್ ಎರಡಕ್ಕೂ ಫ್ಯೂಸಿಂಗ್. ಬಿಸಿ ಒತ್ತಿನಲ್ಲಿ ಅಂಟು ಕರಗಿ ಬಟ್ಟೆಗೆ ಹತ್ತಿಕೊಳ್ಳುತ್ತದೆ. ಒಂದೇ ಪದರದ ಕಫಿಗೆ ಅದು ಒಪ್ಪುತ್ತದೆ. ಮಡಿಚುವ ಕಫಿಗೆ ಅದೇ ಗಟ್ಟಿ ಫ್ಯೂಸಿಂಗ್ ಹಾಕಿದರೆ ಬಟ್ಟೆ ರಟ್ಟಾಗುತ್ತದೆ, ಮಡಿಕೆ ಉರುಳುವ ಬದಲು ಮುರಿಯುತ್ತದೆ. ಫ್ರೆಂಚ್ ಕಫಿನ ಮಡಿಕೆ ದುಂಡಗೆ ಉರುಳಬೇಕು, ಅದರಲ್ಲೇ ಅದರ ಜೀವ. ಅದನ್ನು ಕತ್ತಿಯಂತೆ ಚೂಪಾಗಿ ಇಸ್ತ್ರಿ ಮಾಡಿಸುವವರು ಅಂಗಿಯ ಆಯಸ್ಸನ್ನೂ ಕಡಿಮೆ ಮಾಡುತ್ತಾರೆ, ಏಕೆಂದರೆ ಈ ಅಂಗಿ ಮೊದಲು ಸವೆಯುವುದೇ ಆ ಗೆರೆಯಲ್ಲಿ. ಹೊಲಿಗೆಯಿಂದ ಮಾತ್ರ ನಿಲ್ಲಿಸಿದ ಮೆತ್ತನೆ ಕ್ಯಾನ್ವಾಸ್ ಹಾಕುವ ಟೈಲರ್ ಸಿಕ್ಕರೆ ಬಿಡಬೇಡಿ. ಹೊಲಿಗೆ ಬಲ್ಲ ಕೈಗಳಿಗೆ ಈ ಊರಿನಲ್ಲಿ ಬರವಿಲ್ಲ. ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನಂಥ ರಫ್ತು ಕಂಪನಿ ಯಶವಂತಪುರದಲ್ಲೇ ಇದೆ. ಅದರ ಆಚೆ ಪೀಣ್ಯ. ಗಾರ್ಮೆಂಟ್ಸ್‌ಗೆ ಹೋಗುವ ಸಾವಿರಾರು ಹೆಣ್ಣುಮಕ್ಕಳ ಕೈಗೆ ಕಫ್ ಕೂಡಿಸುವ ಕೆಲಸ ನೀರು ಕುಡಿದಷ್ಟು ಸಲೀಸು. ಇಂಥ ಊರಿನಲ್ಲಿ ಅಂಗಿಯ ವಿಮರ್ಶೆ ಹೊಲಿಗೆಯನ್ನು ಬಿಟ್ಟು ಪೆಟ್ಟಿಗೆಯ ಲೋಹವನ್ನು ವರ್ಣಿಸುತ್ತದೆ ಎಂದರೆ ನನಗೆ ಸಂಕಟವಾಗುತ್ತದೆ.

ಲಿಂಕಿನ ಪರ ವಾದಿಸುವವರು ಕೊನೆಗೆ ಜೇಮ್ಸ್ ಬಾಂಡ್‌ನನ್ನು ಕರೆತರುತ್ತಾರೆ. 2012ರ ‘ಸ್ಕೈಫಾಲ್’ನಲ್ಲಿ ಡೇನಿಯಲ್ ಕ್ರೇಗ್ ಓಡುವ ರೈಲಿನೊಳಕ್ಕೆ ಜಿಗಿದು, ನಿಂತು, ಕಫ್ ಸರಿಮಾಡಿಕೊಳ್ಳುವ ಆ ಒಂದು ಕ್ಷಣ ಅವರ ಪ್ರಮಾಣ. ಒಪ್ಪುತ್ತೇನೆ, ಸೊಗಸಾದ ಕ್ಷಣ. ಆದರೆ ಅವರು ಮೂಲಕ್ಕೆ ಹೋಗಲಿ. 1962ರ ‘ಡಾ. ನೋ’ದಲ್ಲಿ ಶಾನ್ ಕಾನರಿ ತೊಟ್ಟದ್ದು ಲಂಡನ್ನಿನ ಟರ್ನ್‌ಬುಲ್ ಅಂಡ್ ಆ್ಯಸರ್ ಅಂಗಡಿಯ ಅಂಗಿಗಳನ್ನು. ಅವುಗಳಲ್ಲಿ ಹಲವಕ್ಕೆ ಇದ್ದ ಕಾಕ್‌ಟೇಲ್ ಕಫ್ ಹಿಂದಕ್ಕೆ ಮಡಿಚಿಕೊಳ್ಳುತ್ತದೆ, ಆದರೆ ಅದನ್ನು ಹಿಡಿದಿರುವುದು ಗುಂಡಿ. ಲಿಂಕ್ ಇಲ್ಲ. ಬಾಂಡ್ ಶೈಲಿಯ ಅಡಿಪಾಯ ಹಾಕಿದ ಚಿತ್ರದಲ್ಲಿ ಆ ಅಂಗಿಗಳಿಗೆ ಮಡಿಕೆಯೊಂದೇ ಸಾಕಾಯಿತು. ಕ್ರೇಗ್‌ನ ಕೈ ತಾಗುವುದು ಕೂಡ ಕಫ್ ಕೋಟಿನಿಂದ ಎಷ್ಟು ಹೊರಗೆ ಬಂದಿದೆ ಎಂಬ ಅಳತೆಗೆ. ಕೋಟಿನ ತೋಳು ಇಕ್ಕಟ್ಟಾಗಿದ್ದರೆ ಈ ದಪ್ಪ ಕಫ್ ಒಳಗೇ ಸಿಕ್ಕಿಕೊಳ್ಳುತ್ತದೆ. ಬಿಗಿ ಅಳತೆಯ ಸಿದ್ಧ ಸೂಟುಗಳಲ್ಲಿ ಹೀಗಾಗುವುದೇ ಹೆಚ್ಚು. ಅಂಥ ತೋಳಿನೊಳಗೆ ಎಷ್ಟು ಬೆಲೆಯ ಲಿಂಕ್ ಇದ್ದರೂ ಅಸ್ತರಿಗೆ ತೊಡರುವುದೇ ಅದರ ಕೆಲಸ.

ಇನ್ನೊಂದು ಪಂಗಡದೊಂದಿಗೆ ನನ್ನ ಜಗಳ ಬೇರೆ. ಇದೆಲ್ಲ ಬ್ರಿಟಿಷರ ದಂಡುಪ್ರದೇಶದ ಉಳಿಕೆ, ನಮ್ಮವರಿಗೆ ಸಲ್ಲದು ಎನ್ನುವವರು ಅವರು. ಇವರು ಅಜ್ಜಂದಿರ ಪೆಟ್ಟಿಗೆ ತೆರೆದು ನೋಡಿಲ್ಲ. ಸಣ್ಣ ಸರಪಳಿಯಿಂದ ಒಂದಕ್ಕೊಂದು ಜೋಡಿಸಿದ ಚಿನ್ನದ, ಬೆಳ್ಳಿಯ ಗುಂಡಿಗಳು ಜುಬ್ಬಕ್ಕೆ ಇದ್ದವು. ಎರಡೂ ಪಟ್ಟಿಯ ಕಾಜಗಳಲ್ಲಿ ತೂರಿಸಿ ತೊಡುವುದು, ಬಟ್ಟೆ ಅಗಸರ ಮನೆಗೆ ಹೋಗುವ ಮುಂಚೆ ಬಿಚ್ಚಿಡುವುದು. ಕಲ್ಲಿನ ಮೇಲೆ ಒಗೆಯುವ ನಾಡಿನಲ್ಲಿ ಬಿಚ್ಚುವ ಗುಂಡಿಗೆ ಕಾರಣವಿತ್ತು. ಹೊಲಿಯದ ಗುಂಡಿಯನ್ನು ನಮಗೆ ಯಾರೂ ಹಡಗಿನಲ್ಲಿ ತಂದು ಕಲಿಸಬೇಕಾಗಿರಲಿಲ್ಲ. ವಸಾಹತಿನ ವಾದ ಇಲ್ಲಿ ಸುಲಭದ ವಾದ, ಅದು ವಸ್ತುವನ್ನು ಮುಟ್ಟಿ ನೋಡದೆ ತೀರ್ಪು ಕೊಡುತ್ತದೆ. ಜುಬ್ಬದ ಆ ಗುಂಡಿಗೆ ಕೆಲಸವಿತ್ತು. ಅಳಿಯನಿಗೆ ಕೊಡುತ್ತಿದ್ದ ಎಚ್‌ಎಂಟಿ ವಾಚಿಗೂ ಇತ್ತು. 1961ರಲ್ಲಿ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆಯ ಗಡಿಯಾರ ಮುಂಗೈಗೆ ಮರ್ಯಾದೆಯನ್ನೂ ಸಮಯವನ್ನೂ ತಂದಿತು. 

ಲೋಹದ ಲಿಂಕಿಗೂ ನ್ಯಾಯ ಸಲ್ಲಬೇಕು. ಸರಪಳಿಯಿಂದ ಕೂಡಿಸಿದ, ಎರಡು ಬದಿಯಲ್ಲೂ ಕುಸುರಿ ಇರುವ ಹಳೆಯ ಮಾದರಿ ಚೆನ್ನಾಗಿದೆ; ಬಟ್ಟೆಗೆ ಆಡಲು ಜಾಗ ಕೊಡುತ್ತದೆ. ಉಡುಗೊರೆ ಪೆಟ್ಟಿಗೆಗಳಲ್ಲಿ ತುಂಬಿರುವುದು ಅದಲ್ಲ. ಮುಂದೆ ಕಲ್ಲು ಅಥವಾ ಕಂಪನಿಯ ಮುದ್ರೆ, ಹಿಂದೆ ಒರಟಾದ ತಿರುಗುವ ಕಡ್ಡಿ. ಮಾನ್ಯತಾ ಟೆಕ್ ಪಾರ್ಕಿನಲ್ಲಿ ದಿನವಿಡೀ ಲ್ಯಾಪ್‌ಟಾಪಿನ ಮೇಲೆ ಮುಂಗೈ ಊರುವವನಿಗೆ ಅದು ಗೀರು, ಸದ್ದು, ಕಿರಿಕಿರಿ. ಅವನು ಒಂದೆರಡು ಸಲ ತೊಟ್ಟು ಬೀರುವಿಗೆ ಸೇರಿಸುತ್ತಾನೆ, ಅದರೊಂದಿಗೆ ಒಳ್ಳೆಯ ಕಫಿನ ಅಂಗಿಯೂ ಒಳಗೆ ಸೇರುತ್ತದೆ. ನನಗೆ ನಷ್ಟ ಅನಿಸುವುದು ಆ ಅಂಗಿಯದು.

ದಾರಿ ಇದೆ, ಲೋಹದ ಲಿಂಕಿನ ಜಾಗಕ್ಕೆ ಬೇರೊಂದು. ಪ್ಯಾರಿಸ್ಸಿನ ಶಾರ್ವೆ ಅಂಗಡಿ 20ನೇ ಶತಮಾನದ ಆರಂಭದಲ್ಲೇ ರೂಢಿಗೆ ತಂದ ರೇಷ್ಮೆ ಗಂಟು: ಗಿಡ್ಡ ಹುರಿಯ ಎರಡು ತುದಿಗೆ ಎರಡು ಪುಟ್ಟ ಗಂಟು, ಅಷ್ಟೆ. ತೂಕವಿಲ್ಲ, ಮೇಜಿಗೆ ತಾಗಿದರೆ ಸದ್ದಿಲ್ಲ, ಮಡಿಕೆಯನ್ನು ಹಿಂಡುವುದಿಲ್ಲ, ಕಣ್ಣನ್ನು ಕಫಿನಿಂದ ಕದಿಯುವುದಿಲ್ಲ. ಯಲಹಂಕದಿಂದ ಬಸ್ಸು ಹಿಡಿದರೆ ಒಂದು ಕಡೆ ದೊಡ್ಡಬಳ್ಳಾಪುರದ ಮಗ್ಗಗಳು, ಇನ್ನೊಂದು ಕಡೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ನೂಲು ಬಿಚ್ಚಾಣಿಕೆಯ ಮನೆಗಳು. ಹುರಿಗೆ ಬೇಕಾದ ರೇಷ್ಮೆ, ಹುರಿ ಮಾಡುವ ಕೈ, ಕಫ್ ಹೊಲಿಯುವ ಕೈ ಮೂರೂ ಇಲ್ಲೇ ಇವೆ. ಆರ್‌.ಟಿ. ನಗರದ ಟೈಲರ್ ಒಬ್ಬರು ಮದುವೆಯ ಅಂಗಿಯೊಂದಿಗೆ ಅದೇ ಬಣ್ಣದ ಎರಡು ಜೊತೆ ಗಂಟು ಇಟ್ಟುಕೊಟ್ಟರೆ, ಆ ಹುಡುಗ ಆರತಕ್ಷತೆ ಮುಗಿದ ಸೋಮವಾರವೂ ಅದನ್ನು ತೊಟ್ಟು ಆಫೀಸಿಗೆ ಹೋಗಬಹುದು.