ಹೆಣ್ಣಿನ ಕುಲಮೂಲದ ಶೋಧ: ಪಾವಗಡ ಸೀಮೆಯ ಮೌಖಿಕ ಆಕರಗಳ ವಿಮರ್ಶೆ

ಕನ್ನಡ ನಾಡಿನಲ್ಲಿ ವಂಶಾವಳಿಯೆಂಬುದು ಬಹುಮಟ್ಟಿಗೆ ಗಂಡಿನ ದಾಖಲೆಯಾಗಿಯೇ ಬೆಳೆದುಬಂದಿದೆ. ಅರಸರ ಶಾಸನಗಳಲ್ಲಿ, ಪಾಳೆಯಗಾರರ ಕೈಫಿಯತ್ತುಗಳಲ್ಲಿ, ಹೆಳವರ ಪುಸ್ತಕಗಳಲ್ಲಿ ತಂದೆಯಿಂದ ಮಗನಿಗೆ ಇಳಿಯುವ ಎಳೆಯೇ ಪ್ರಧಾನವಾದುದು. ಮಾಸ್ತಿಕಲ್ಲುಗಳಲ್ಲಿ ಬಳೆ ತೊಟ್ಟ ತೋಳು ಕಾಣುತ್ತದೆ. ಹೆಸರು ಕಾಣುವುದು ಅಪರೂಪ. ಹೀಗಿರುವಾಗ ಹತ್ತೊಂಬತ್ತನೆಯ ಶತಮಾನದಲ್ಲಿ ಪಾವಗಡ, ಸಿರಾ, ಮಧುಗಿರಿ, ಕೊರಟಗೆರೆ ಭಾಗದ ಹಟ್ಟಿಯೊಂದರಲ್ಲಿ ಬಾಳಿದ ಸಾಮಾನ್ಯ ಹೆಣ್ಣೊಬ್ಬಳು ಯಾರ ಮಗಳು, ಯಾವ ಊರಿನವಳು, ಯಾವ ಬೆಡಗಿನವಳು ಎಂಬ ಪ್ರಶ್ನೆಗೆ ಯಾವ ಆಕರ ಎಷ್ಟರಮಟ್ಟಿಗೆ ಉತ್ತರಿಸಬಲ್ಲುದೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕುಟುಂಬ ಚರಿತ್ರೆಯ ಶೋಧ ವ್ಯಾಪಕವಾಗಿ ನಡೆಯುವ ಅಮೆರಿಕದೊಡನೆ ಹೋಲಿಸಿದರೆ ಇಲ್ಲಿನ ಸಮಸ್ಯೆ ಸ್ಪಷ್ಟವಾಗುತ್ತದೆ. ಅಲ್ಲಿ 1850ರ ಜನಗಣತಿ ಮನೆಯ ಯಜಮಾನನ ಹೆಸರಿನ ಜೊತೆಗೆ ಸ್ವತಂತ್ರರಾದ ಎಲ್ಲರ ಹೆಸರನ್ನೂ ಬರೆದುಕೊಂಡಿತು. 1880ರ ಗಣತಿ ಯಜಮಾನನೊಡನೆ ಪ್ರತಿಯೊಬ್ಬರಿಗಿದ್ದ ಸಂಬಂಧವನ್ನೂ ತಂದೆತಾಯಿಯರ ಜನ್ಮಸ್ಥಳವನ್ನೂ ಸೇರಿಸಿತು. ಆದರೂ ಮದುವೆಯಾದೊಡನೆ ಹೆಣ್ಣಿನ ಮನೆತನದ ಹೆಸರು ಬದಲಾಗುವುದರಿಂದ ಅಲ್ಲಿಯೂ ಎಳೆ ತುಂಡಾಗುತ್ತದೆ. ಗುಲಾಮಗಿರಿಗೆ ಒಳಗಾದ ಹೆಣ್ಣುಮಕ್ಕಳಂತೂ 1850 ಮತ್ತು 1860ರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ಬಹುತೇಕ ವಯಸ್ಸು, ಲಿಂಗ, ಮೈಬಣ್ಣಗಳಾಗಿಯೇ ಉಳಿದಿದ್ದಾರೆ. ಮೈಸೂರು ಸಂಸ್ಥಾನದ 1871ರ ಗಣತಿಯ ಪ್ರಕಟಿತ ಸಂಪುಟಗಳಲ್ಲಿರುವುದು ಜಾತಿ, ಕಸುಬುಗಳ ಎಣಿಕೆ, ವ್ಯಕ್ತಿಗಳ ಹೆಸರಲ್ಲ. ಅಂದು 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1876–78ರ ಬರದ ನಂತರ, 1881ರ ಗಣತಿಯಲ್ಲಿ 41,86,188ಕ್ಕೆ ಇಳಿದಿತ್ತು. ಮನೆಗಳೇ ಬರಿದಾದ ಕಾಲದಲ್ಲಿ ಮನೆತನದ ನೆನಪೂ ಚದುರಿತು.

ಪಾವಗಡದ ಮಟ್ಟಿಗೆ ಇನ್ನೊಂದು ತೊಡಕಿದೆ. ಈ ತಾಲ್ಲೂಕನ್ನು ಬಹುಪಾಲು ಆಂಧ್ರದ ನೆಲವೇ ಸುತ್ತುವರಿದಿದೆ. ಮಡಕಶಿರಾ, ಪೆನುಕೊಂಡ, ಕಲ್ಯಾಣದುರ್ಗಗಳ ಕಡೆಯೊಂದಿಗೆ ಹೆಣ್ಣು ಕೊಟ್ಟು ತರುವ ಬಳಕೆ ಹಳೆಯದು. ಆದರೆ ಆ ಭಾಗ ಮದರಾಸು ಪ್ರಾಂತ್ಯದಲ್ಲಿತ್ತು. ಬಳ್ಳಾರಿಯಿಂದ ಬೇರ್ಪಟ್ಟು ಅನಂತಪುರ ಜಿಲ್ಲೆಯಾದದ್ದು 1882ರಲ್ಲಿ. ಮಡಕಶಿರಾ, ಪೆನುಕೊಂಡಗಳು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ. ಹುಟ್ಟಿದ ಮನೆ ಒಂದು ಸರ್ಕಾರದ ಕಾಗದಕ್ಕೆ, ಮೆಟ್ಟಿದ ಮನೆ ಇನ್ನೊಂದು ಸರ್ಕಾರದ ಕಾಗದಕ್ಕೆ ಸೇರಿದಾಗ ಹೆಣ್ಣು ಎರಡರಲ್ಲಿಯೂ ಕಾಣದೆ ಹೋಗುತ್ತಾಳೆ. ತೆಲುಗು ಮನೆಮಾತಿನವರಲ್ಲಿ ‘ಇಂಟಿಪೇರು’ ಇರುವುದರಿಂದ ತವರಿನ ಗುರುತು ತುಸು ಸುಲಭವಾಗಿ ಸಿಗುತ್ತದೆ. ಕನ್ನಡದ ಒಕ್ಕಲುಗಳಲ್ಲಿ ಬೆಡಗು ಮತ್ತು ಮನೆದೇವರನ್ನು ಹಿಡಿದು ನಡೆಯಬೇಕಾಗುತ್ತದೆ.

ಎತ್ತಿನೊಡನೆ ಊರೂರು ತಿರುಗಿ ಒಕ್ಕಲುಗಳ ಮೂಲಪುರುಷ, ವಲಸೆ ಬಂದ ಊರು, ಮನೆದೇವರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ದವಸ ಬಟ್ಟೆಗಳನ್ನು ಪಡೆಯುವ ಹೆಳವರ ವೃತ್ತಿ ಸುಪರಿಚಿತ. ಅಮೆರಿಕದ ಫ್ಯಾಮಿಲಿಸರ್ಚ್ ಸಂಸ್ಥೆ ಹೆಳವರ ಪುಸ್ತಕಗಳನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸ ಕೈಗೊಂಡ ಮೇಲೆ ಇವುಗಳ ಬೆಲೆ ಹೊರಜಗತ್ತಿಗೂ ತಿಳಿದಿದೆ. ಆದರೆ ಪುಸ್ತಕ ಉಳಿದ ಮಾತ್ರಕ್ಕೆ ಅದರ ದೃಷ್ಟಿಕೋನ ಬದಲಾಗುವುದಿಲ್ಲ. ದಾನ ಕೊಡುವವನು ಮನೆಯ ಯಜಮಾನ; ಆದ್ದರಿಂದ ಹೊಗಳಿಕೆ ಸಲ್ಲುವುದು ಅವನ ಪೀಳಿಗೆಗೆ. ಹೆಣ್ಣು ಅಲ್ಲಿ ಸಾಮಾನ್ಯವಾಗಿ ಇಂಥವನ ಹೆಂಡತಿ, ಇಂಥವನ ತಾಯಿ. ಹೆಳವರ ಮೌನವನ್ನು ಮರೆವೆಂದು ತಿಳಿಯುವುದು ತಪ್ಪು. ಅದು ಆ ಪ್ರಕಾರದ ನಿಯಮ.

ಈ ಮೌನವನ್ನು ತುಂಬಲು ವಿವಾಹಪದ್ಧತಿಯೇ ನೆರವಾಗುತ್ತದೆ. ಒಂದೇ ಬೆಡಗಿನೊಳಗೆ ಮದುವೆ ನಿಷಿದ್ಧವಾದುದರಿಂದ ಪ್ರತಿಯೊಂದು ಮದುವೆಯೂ ಎರಡು ಬೆಡಗುಗಳ ಸಾಕ್ಷಿಯಾಗಿರುತ್ತದೆ. ಸೋದರಮಾವನಿಗೆ ಅಥವಾ ಅವನ ಮಗನಿಗೆ ಹೆಣ್ಣು ಕೊಡುವ ಮೇನರಿಕೆಯಿಂದ ತಾಯಿಯ ತವರು ಮತ್ತೆ ಮಗಳು ಸೊಸೆಯಾಗಿ ಹೋಗುವ ಮನೆಯಾಗುತ್ತದೆ. ಆದುದರಿಂದ ಅಜ್ಜಿಯ ತವರು ತಿಳಿಯದಿದ್ದಾಗ ಅವಳ ಹೆಣ್ಣುಮಕ್ಕಳನ್ನು ಎಲ್ಲಿಗೆ ಕೊಟ್ಟರು, ಸೊಸೆಯರನ್ನು ಎಲ್ಲಿಂದ ತಂದರು ಎಂಬುದನ್ನು ಮೊದಲು ಕೇಳಬೇಕು. ಇದು ಊಹೆಗೆ ದಾರಿಯೇ ಹೊರತು ಪ್ರಮಾಣವಲ್ಲ. ಅಜ್ಜಿಯ ಹೆಸರನ್ನು ಮೊಮ್ಮಗಳಿಗಿಡುವ ರೂಢಿಯಿಂದ ಒಂದೇ ಹೆಸರಿನ ಇಬ್ಬರು ಒಬ್ಬಳೇ ಆಗಿಬಿಡುವ ಅಪಾಯವೂ ಉಂಟು.

ತವರಿನ ಹಾಡುಗಳನ್ನು ಬಳಸುವಾಗ ಎಚ್ಚರ ಇನ್ನೂ ಹೆಚ್ಚು ಬೇಕು. ಬೀಸುವ ಪದದ ತವರು ಒಂದು ಮಾದರಿ. ಅಲ್ಲಿನ ಅಣ್ಣತಮ್ಮಂದಿರು ಎಲ್ಲ ಹೆಣ್ಣುಮಕ್ಕಳ ಅಣ್ಣತಮ್ಮಂದಿರು. ಅದನ್ನು ಹಾಡುಗಾರ್ತಿಯ ಆತ್ಮಕಥೆಯೆಂದು ಓದಲಾಗದು. ಕಾಡುಗೊಲ್ಲರು ಗಣೆಯೊಡನೆ ಹಾಡುವ ಜುಂಜಪ್ಪನ ಕಾವ್ಯದಲ್ಲಿ ಮಾತ್ರ ತಾಯಿ ಚಿನ್ನಮ್ಮನ ತವರು ಕಥೆಯ ನಡುವೆಯೇ ನಿಂತಿದೆ. ಏಕೆಂದರೆ ಜುಂಜಪ್ಪನಿಗೂ ಅವನ ಸೋದರಮಾವಂದಿರಿಗೂ ಇರುವ ವೈರ ಕಥೆಯನ್ನು ನಡೆಸುತ್ತದೆ. ಇದರಿಂದ ಹೊರಡುವ ಸೂತ್ರ ಮುಖ್ಯವಾದುದು: ಹೆಣ್ಣಿನ ಮೂಲ ನೆನಪಿನಲ್ಲಿ ಉಳಿಯುವುದು ಋಣವಿದ್ದಲ್ಲಿ ಅಥವಾ ಜಗಳವಿದ್ದಲ್ಲಿ. ಮಡಿಲಕ್ಕಿ ಎಲ್ಲಿಂದ ಬರುತ್ತಿತ್ತು, ಸತ್ತಾಗ ತವರಿನ ಸೀರೆ ತಂದವರು ಯಾರು, ಯಾವ ಮನೆಯ ನೀರು ಮುಟ್ಟುತ್ತಿರಲಿಲ್ಲ ಎಂಬ ಪ್ರಶ್ನೆಗಳು ಹೆಸರು ಕೇಳುವ ನೇರ ಪ್ರಶ್ನೆಗಿಂತ ಹೆಚ್ಚು ಫಲ ಕೊಡುತ್ತವೆ.

ಈ ಶೋಧ ಕೇವಲ ವಿದ್ವತ್ತಿನ ಕುತೂಹಲವಲ್ಲ. ಪೌತಿ ಖಾತೆಗೆ ಕಂದಾಯ ಇಲಾಖೆ ಕೇಳುವ ವಂಶವೃಕ್ಷದಲ್ಲಿ ಮಗಳ ಹೆಸರು ಬಿಟ್ಟುಹೋದರೆ ಅವಳ ಪಾಲು ವಿವಾದಕ್ಕೆ ಬೀಳುತ್ತದೆ. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಅಂದಿಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ನೀಡಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರನ್ನೂ ಒಳಗೊಂಡಿತು. ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿತು. ಕಾನೂನು ಬದಲಾದರೂ ವಂಶವೃಕ್ಷ ಬರೆಸುವ ಮನಸ್ಸು ಹಲವೆಡೆ ಹಳೆಯದೇ ಆಗಿದೆ.

ಆದುದರಿಂದ ಕ್ಷೇತ್ರಕಾರ್ಯದಲ್ಲಿ ಹೆಳವರ ಪಾಠವನ್ನು ಯಜಮಾನನ ಎದುರಿನಲ್ಲಿ ಮಾತ್ರ ದಾಖಲಿಸಿದರೆ ಸಾಲದು. ಅದೇ ಮನೆಯ ಹಿರಿಯ ಹೆಣ್ಣುಮಕ್ಕಳಿಂದ, ಅವರ ತವರಿನ ಊರಿನಿಂದ, ಗಡಿಯಾಚೆಯ ನಂಟರಿಂದ ಪ್ರತ್ಯೇಕವಾಗಿ ಕೇಳಿ ಮೂರನ್ನೂ ಒರೆಗೆ ಹಚ್ಚಬೇಕು. ಎರಡು ಸಾಕ್ಷ್ಯ ಕೂಡದ ಕಡೆ ಸಂಬಂಧವನ್ನು ಜೋಡಿಸದೆ ಬಿಡುವುದೇ ಶಾಸ್ತ್ರೀಯ. ಪಟದಲ್ಲಿ ಖಾಲಿ ಉಳಿದ ಜಾಗವೂ ಅಲ್ಲಿ ಒಬ್ಬಳು ಇದ್ದಳೆಂಬುದನ್ನು ಹೇಳುತ್ತದೆ. ಸುಳ್ಳು ಹೆಸರು ಅದನ್ನೂ ಅಳಿಸಿಬಿಡುತ್ತದೆ.