ಹಾರ್ಡ್ ಡಿಸ್ಕ್ ಇಲ್ಲದ ಲಿನಕ್ಸ್: ಹೇಳುವಷ್ಟು ಲಾಭವಿದೆಯೆ?

ಹಾರ್ಡ್ ಡಿಸ್ಕ್ ಕೆಟ್ಟ ಹಳೆಯ ಗಣಕವನ್ನು ಗುಜರಿಗೆ ಹಾಕಬೇಡಿ, ಲಿನಕ್ಸನ್ನು ಪೂರ್ತಿಯಾಗಿ ರ್‍ಯಾಮ್‌ನಲ್ಲೇ ಓಡಿಸಿ ಎಂಬ ಸಲಹೆ ಶಿಕ್ಷಕರ ನಡುವೆ ಆಗಾಗ ಕೇಳಿಬರುತ್ತದೆ. ಅದರ ಜೊತೆಗೆ ಮೂರು ಭರವಸೆಗಳೂ ಇರುತ್ತವೆ: ಗಣಕ ಚುರುಕಾಗುತ್ತದೆ, ಹಳೆಯ ಯಂತ್ರಕ್ಕೆ ಮರುಜೀವ ಬರುತ್ತದೆ, ಬಳಸಿದ ಕುರುಹು ಉಳಿಯುವುದಿಲ್ಲ. ಹೊಸ ತಿಪ್ಪಸಂದ್ರದ ನಮ್ಮ ಮನೆಪಾಠದ ಕೊಠಡಿಯಲ್ಲಿ ಅಂತಹ ಒಂದು ಗಣಕವನ್ನು ಬಳಸಿ ನೋಡಿದ ಮೇಲೆ, ಈ ಮೂರನ್ನೂ ಒರೆಗೆ ಹಚ್ಚುವುದು ಅಗತ್ಯವೆನಿಸಿತು.

ಮೊದಲು ವಿಧಾನವನ್ನು ನೋಡೋಣ. ಗಣಕ ಶುರುವಾದಾಗ ಲಿನಕ್ಸಿನ ತಿರುಳಾದ ಕರ್ನೆಲ್ ಪೆನ್‌ಡ್ರೈವ್ ಅಥವಾ ಸಿ.ಡಿ.ಯಿಂದ ರ್‍ಯಾಮ್‌ಗೆ ಬರುತ್ತದೆ. ಉಳಿದ ತಂತ್ರಾಂಶವೆಲ್ಲ ಒತ್ತಿ ಕುಗ್ಗಿಸಿದ ಒಂದೇ ಕಡತವಾಗಿ ಅದರ ಹಿಂದೆಯೇ ಬರುತ್ತದೆ. ಈ ಕಡತವನ್ನು ಓದಬಹುದು, ತಿದ್ದಲಾಗದು. ಅದರ ಮೇಲೆ ರ್‍ಯಾಮ್‌ನಲ್ಲೇ ಬರೆಯಬಹುದಾದ ಇನ್ನೊಂದು ಪದರವನ್ನು ಹೊದಿಸಲಾಗುತ್ತದೆ. ಪಠ್ಯಪುಸ್ತಕದ ಮೇಲೆ ಪಾರದರ್ಶಕ ಹಾಳೆಯಿಟ್ಟು ಬರೆದಂತೆ ಇದು. ವಿದ್ಯುತ್ ನಿಂತರೆ ಹಾಳೆ ಅಳಿಸಿಹೋಗುತ್ತದೆ, ಪುಸ್ತಕ ಹಾಗೆಯೇ ಇರುತ್ತದೆ. ಜರ್ಮನಿಯ ಕ್ಲಾಸ್ ನಾಪರ್ 2000ದಲ್ಲಿ ಹೊರತಂದ ನಾಪಿಕ್ಸ್, ಆಸ್ಟ್ರೇಲಿಯದ ಬ್ಯಾರಿ ಕೌಲರ್ 2003ರಲ್ಲಿ ಹೊರತಂದ ಪಪ್ಪಿ ಲಿನಕ್ಸ್ ಈ ಮಾರ್ಗವನ್ನು ಜನಪ್ರಿಯಗೊಳಿಸಿದವು.

ವೇಗದ ಭರವಸೆ ಅರ್ಧ ಸತ್ಯ. ಹಾರ್ಡ್ ಡಿಸ್ಕಿನಲ್ಲಿ ಒಂದು ಜಾಗವನ್ನು ಹುಡುಕಲು ಸುಮಾರು 10 ಮಿಲಿಸೆಕೆಂಡು ಬೇಕು, ರ್‍ಯಾಮ್‌ಗೆ ಸುಮಾರು 100 ನ್ಯಾನೋಸೆಕೆಂಡು ಸಾಕು. ವ್ಯತ್ಯಾಸ ಒಂದು ಲಕ್ಷ ಪಟ್ಟು. ಆದರೆ ಒಮ್ಮೆ ತೆರೆದ ಕಡತವನ್ನು ಲಿನಕ್ಸ್ ಹೇಗೂ ಬಿಡುವಿರುವ ರ್‍ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. ಹೀಗಾಗಿ ಡಿಸ್ಕ್ ಇರುವ ಗಣಕದಲ್ಲೂ ಎರಡನೆಯ ಸಲ ಅದೇ ಕಾರ್ಯಕ್ರಮ ಬೇಗ ತೆರೆಯುತ್ತದೆ. ಪ್ರಾತ್ಯಕ್ಷಿಕೆಗಳಲ್ಲಿ ತೋರಿಸುವುದು ಮೊದಲ ಸಲದ ವ್ಯತ್ಯಾಸವನ್ನು ಮಾತ್ರ. ಪ್ರೊಸೆಸರಿನ ವೇಗವಂತೂ ಎಳ್ಳಷ್ಟೂ ಹೆಚ್ಚುವುದಿಲ್ಲ.

ಎರಡನೆಯ ಭರವಸೆಯಲ್ಲಿ ಒಂದು ವಿರೋಧಾಭಾಸವಿದೆ. ಈ ವಿಧಾನ ಕೇಳುವುದು ಧಾರಾಳ ರ್‍ಯಾಮ್, ಹಳೆಯ ಗಣಕದಲ್ಲಿ ಕೊರತೆಯಿರುವುದೂ ಅದೇ. 700 ಮೆಗಾಬೈಟಿನ ನಾಪಿಕ್ಸ್ ಸಿ.ಡಿ.ಯನ್ನು ಪೂರ್ತಿ ರ್‍ಯಾಮ್‌ಗೆ ಏರಿಸಲು ಅಂದಿನ 256 ಮೆಗಾಬೈಟಿನ ಯಂತ್ರಕ್ಕೆ ಸಾಧ್ಯವಿರಲಿಲ್ಲ. ಉಳಿದದ್ದು ಚಿಕ್ಕ ಆವೃತ್ತಿಗಳ ದಾರಿ. 2008ರಲ್ಲಿ ಆರಂಭವಾದ ಟೈನಿ ಕೋರ್ ಸುಮಾರು 25 ಮೆಗಾಬೈಟಿನಲ್ಲೇ ಪರದೆ, ಕಿಟಕಿ, ಮೌಸ್ ಎಲ್ಲವನ್ನೂ ಒದಗಿಸುತ್ತದೆ. ಆದರೆ ಅದರ ಮೂಲ ಪ್ರತಿಯಲ್ಲಿ ಕನ್ನಡದ ಫಾಂಟ್ ಇಲ್ಲ. ಕನ್ನಡಕ್ಕೆ ಫಾಂಟ್ ಒಂದೇ ಸಾಲದು, ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ತಂತ್ರಾಂಶವೂ ಬೇಕು. ಲೋಹಿತ್ ಕನ್ನಡದಂತಹ ಮುಕ್ತ ಫಾಂಟಿಗೆ ಒಂದು ಮೆಗಾಬೈಟೂ ಬೇಡ, ಜೋಡಣೆಯ ತಂತ್ರಾಂಶಕ್ಕೆ ಕೆಲವೇ ಮೆಗಾಬೈಟು ಸಾಕು. ಕನ್ನಡ ಹೊರಗುಳಿದಿರುವುದಕ್ಕೆ ಅದರ ಭಾರ ಕಾರಣವಲ್ಲ. ಗಾತ್ರ ಇಳಿಸುವವರ ಪಟ್ಟಿಯಲ್ಲಿ ಅದು ಇರಲೇ ಇಲ್ಲ.

ಮೂರನೆಯದು ಕುರುಹಿನ ಮಾತು. ಯಂತ್ರ ಮರೆತರೂ ಜಾಲದ ಇನ್ನೊಂದು ತುದಿಯ ಗಣಕ ಮರೆಯುವುದಿಲ್ಲ. ರ್‍ಯಾಮ್ ಕೂಡ ತಕ್ಷಣ ಮರೆಯುವುದಿಲ್ಲ. ವಿದ್ಯುತ್ ತೆಗೆದ ಮೇಲೂ ಕೆಲವು ಸೆಕೆಂಡುಗಳಿಂದ ನಿಮಿಷಗಳವರೆಗೆ ಅದರಲ್ಲಿ ಮಾಹಿತಿ ಉಳಿಯುತ್ತದೆ, ತಣ್ಣಗಾಗಿಸಿದರೆ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ ಎಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡ 2008ರಲ್ಲಿ ತೋರಿಸಿತು.

ಹಾಗಾದರೆ ಈ ವಿಧಾನದ ನಿಜವಾದ ಗುಣವೇನು? ನಮ್ಮ ಕೊಠಡಿಯಲ್ಲಿ ಪಪ್ಪಿ ಹಾಕಿದ ಮೊದಲ ಸಂಜೆಯೇ ಅದರ ಗುಣ, ದೋಷ ಎರಡೂ ಕಂಡವು. ಮಕ್ಕಳು ಪರದೆಯ ವಿನ್ಯಾಸವನ್ನು ಕೆಡಿಸಿದರು, ಮತ್ತೆ ಶುರುಮಾಡಿದಾಗ ಎಲ್ಲವೂ ಮೊದಲಿನಂತಾಯಿತು. ಪ್ರಯೋಗಶಾಲೆಗೆ ಇದಕ್ಕಿಂತ ದೊಡ್ಡ ವರವಿಲ್ಲ. ಅನಂತರ ಒಬ್ಬ ಹುಡುಗಿ ಎರಡು ಗಂಟೆ ಕುಳಿತು ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಳೆಯ ಅಳತೆಗಳ ಕೋಷ್ಟಕ ಮಾಡಿದಳು. ಕರೆಂಟ್ ಹೋಯಿತು. ಮೊದಲ ಬಾರಿ ಮುಚ್ಚುವಾಗ ಮಾತ್ರ ಪಪ್ಪಿ ಉಳಿಸುವ ಕಡತ ಬೇಕೆ ಎಂದು ಕೇಳುತ್ತದೆ. ಅಲ್ಲಿಯವರೆಗೆ ಮಾಡಿದ್ದನ್ನು ಪೆನ್‌ಡ್ರೈವಿಗೆ ನಾವೇ ಉಳಿಸಬೇಕು. ಅದನ್ನು ಮೊದಲೇ ಹೇಳದಿದ್ದ ತಪ್ಪು ನನ್ನದು. "ಸಾರ್, ಪುಸ್ತಕದಲ್ಲೇ ಬರೀತೀನಿ ಬಿಡಿ" ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಬೆಂಗಳೂರಿನಲ್ಲೇ ಹಿಂದೊಮ್ಮೆ ಸಿಕ್ಕಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರಿನ ಎಂಜಿನಿಯರುಗಳೂ ಸೇರಿ 2001ರಲ್ಲಿ ಮುಂದಿಟ್ಟ ಸಿಂಪ್ಯೂಟರ್ ಅಂಗೈಯಗಲದ ಲಿನಕ್ಸ್ ಯಂತ್ರ. ಅದರಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಭಾರತೀಯ ಭಾಷೆಗಳ ಪಠ್ಯವನ್ನು ಓದಿ ಹೇಳುವ ಸೌಲಭ್ಯವನ್ನು ಅದಕ್ಕಾಗಿ ಆಗಲೇ ಯೋಚಿಸಿದ್ದರು. ಊರಿಗೊಂದು ಯಂತ್ರ, ಆದರೆ ಒಬ್ಬೊಬ್ಬರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿ ಎಂಬುದು ಅದರ ಕಲ್ಪನೆ. ಅದು ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಆದರೂ ಯಂತ್ರ ಎಲ್ಲರದು, ಕೆಲಸ ಮಾಡಿದವರದು ಎಂಬ ಅದರ ತತ್ತ್ವ ಸರಿಯಾಗಿಯೇ ಇತ್ತು.

ರ್‍ಯಾಮ್‌ನಲ್ಲಿ ಓಡುವ ಲಿನಕ್ಸನ್ನು ಬೆಲೆ ಕಟ್ಟಬೇಕಾದದ್ದು ಈ ತತ್ತ್ವದಿಂದಲೇ. ವೇಗಕ್ಕಾಗಿ ಅದನ್ನು ಹೊಗಳುವುದು ಬೇಡ. ವ್ಯವಸ್ಥೆಯನ್ನೂ ವಿದ್ಯಾರ್ಥಿಯ ಕೆಲಸವನ್ನೂ ಬೇರೆ ಬೇರೆ ಇಡಲು ಅದು ಕಲಿಸುತ್ತದೆ, ಹೊಗಳಬೇಕಾದದ್ದು ಅದನ್ನು. ಶಾಲೆಗೆ ತರುವ ಶಿಕ್ಷಕರು ಮೊದಲು ರ್‍ಯಾಮ್ ಎಷ್ಟಿದೆ ನೋಡಲಿ, ಕನ್ನಡ ಸೇರಿಸಿದ ಪ್ರತಿಯನ್ನು ಸಿದ್ಧಮಾಡಿಕೊಳ್ಳಲಿ, ಪ್ರತಿ ವಿದ್ಯಾರ್ಥಿಗೂ ಒಂದು ಪೆನ್‌ಡ್ರೈವ್ ಇರಲಿ. ಹತ್ತು ನಿಮಿಷಕ್ಕೊಮ್ಮೆ ಉಳಿಸುವ ಅಭ್ಯಾಸವನ್ನು ಮೊದಲ ಪಾಠವಾಗಿಸಲಿ. ನಮ್ಮ ಕೊಠಡಿಯಲ್ಲಿ ಈಗ ಹಾಗೆ ಮಾಡುತ್ತಿದ್ದೇವೆ. ಆ ಹುಡುಗಿ ಕೋಷ್ಟಕವನ್ನು ಮತ್ತೆ ಮಾಡಿದಳು, ಕನ್ನಡದಲ್ಲೇ.