ಆಲೋಚನೆಗೆ ಪುರಾವೆ ಕೇಳುವ ಚಿಕಿತ್ಸೆ

ಮನಸ್ಸಿನ ನೋವಿಗೆ ಮಾತಿನ ಮೂಲಕ ಪರಿಹಾರ ಹುಡುಕಿದ ಪದ್ಧತಿಗಳಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಅರಿವು-ವರ್ತನಾ ಚಿಕಿತ್ಸೆ. ಅಷ್ಟೇ ಹೆಚ್ಚಾಗಿ ತಪ್ಪು ತಿಳಿವಳಿಕೆಗೆ ಒಳಗಾದದ್ದೂ ಅದೇ. ವೈದ್ಯರ ಬಾಯಲ್ಲಿ ಸಿಬಿಟಿ ಎಂಬ ಚುಟುಕು ಹೆಸರಿನಿಂದ ಓಡಾಡುವ ಈ ಪದ್ಧತಿಯನ್ನು ವ್ಯಕ್ತಿತ್ವ ವಿಕಸನದ ಶಿಬಿರಗಳು 'ಸಕಾರಾತ್ಮಕ ಚಿಂತನೆ'ಯ ಇನ್ನೊಂದು ಹೆಸರೆಂಬಂತೆ ಪರಿಚಯಿಸುವುದುಂಟು. ಆದರೆ ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನೇ ಯೋಚಿಸಿ ಎಂಬ ಉಪದೇಶಕ್ಕೂ ಈ ಚಿಕಿತ್ಸೆಗೂ ಸಂಬಂಧವಿಲ್ಲ. ಮನಸ್ಸಿಗೆ ಬಂದ ಆಲೋಚನೆ ನಿಜವೇ, ನಿಜವೆನ್ನಲು ಪುರಾವೆ ಏನಿದೆ, ಅದನ್ನು ಪರೀಕ್ಷಿಸಿ ನೋಡುವ ದಾರಿ ಯಾವುದು ಎಂದು ಅದು ಕೇಳುತ್ತದೆ. ಅದರ ಬಲವೂ ಮಿತಿಯೂ ಈ ಕೇಳುವಿಕೆಯಲ್ಲೇ ಅಡಗಿವೆ.

ಈ ಚಿಕಿತ್ಸೆಯ ಹುಟ್ಟು ಕೂಡ ಪುರಾವೆಯೊಂದು ಕೈಕೊಟ್ಟ ಸಂದರ್ಭದಲ್ಲೇ ಆಯಿತು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ಮನೋವೈದ್ಯ ಆರನ್ ಬೆಕ್ ಮನೋವಿಶ್ಲೇಷಣೆಯಲ್ಲಿ, ಎಂದರೆ ಸುಪ್ತಮನಸ್ಸಿನ ಹಳೆಯ ಸಂಘರ್ಷಗಳನ್ನು ಬಗೆದು ನೋಡುವ ಫ್ರಾಯ್ಡನ ವಿಧಾನದಲ್ಲಿ, ತರಬೇತಿ ಪಡೆದವರು. ಖಿನ್ನತೆ ಎಂಬುದು ಬೇರೆಯವರ ಮೇಲಿನ ಕೋಪ ತನ್ನ ಮೇಲೆಯೇ ತಿರುಗಿಕೊಂಡ ಸ್ಥಿತಿ ಎಂಬ ಅಂದಿನ ಸಿದ್ಧಾಂತವನ್ನು ಸಮರ್ಥಿಸಲು ಅವರು ರೋಗಿಗಳ ಕನಸುಗಳನ್ನು ಅಧ್ಯಯನಕ್ಕೆ ಎತ್ತಿಕೊಂಡರು. ಅಲ್ಲಿ ಕೋಪಕ್ಕಿಂತ ಹೆಚ್ಚಾಗಿ ಸೋಲು, ಕಳೆದುಕೊಳ್ಳುವಿಕೆ, ತಿರಸ್ಕಾರಗಳೇ ಕಂಡವು. ಎಚ್ಚರದಲ್ಲಿಯೂ ಅದೇ ರೋಗಿಗಳ ಮನಸ್ಸಿನಲ್ಲಿ ತಮ್ಮ ಬಗ್ಗೆ ಕಟುವಾದ ತೀರ್ಪುಗಳು ಮಿಂಚಿನಂತೆ ಹಾದುಹೋಗುತ್ತಿದ್ದವು, ಅವರು ಅವನ್ನು ಪ್ರಶ್ನಿಸದೆ ನಂಬುತ್ತಿದ್ದರು. ತಂತಾನೆ ಮೂಡುವ ಈ ಆಲೋಚನೆಗಳ ಸ್ವರೂಪವನ್ನು 1963ರ ಲೇಖನವೊಂದರಲ್ಲಿ ಬೆಕ್ ವಿವರಿಸಿದರು, ಮತ್ತು 1979ರಲ್ಲಿ ಮೂವರು ಸಹೋದ್ಯೋಗಿಗಳೊಡನೆ ಬರೆದ ಖಿನ್ನತೆಯ ಚಿಕಿತ್ಸೆಯ ಕೈಪಿಡಿಯಲ್ಲಿ ಅವನ್ನು ಎದುರಿಸುವ ಕ್ರಮವನ್ನು ಹಂತಹಂತವಾಗಿ ಇಟ್ಟರು. ತಾನು ನಂಬಿದ ಸಿದ್ಧಾಂತಕ್ಕೆ ಸಾಕ್ಷಿ ಒಲಿಯದಾಗ ಸಿದ್ಧಾಂತವನ್ನೇ ಬಿಟ್ಟ ಈ ಪ್ರಾಮಾಣಿಕತೆಯನ್ನೇ ಮುಂದೆ ರೋಗಿಯಿಂದಲೂ ನಿರೀಕ್ಷಿಸಲಾಯಿತು ಎನ್ನುವುದು ಗಮನಿಸಬೇಕಾದ ಸಂಗತಿ. ಬೆಕ್‌ಗಿಂತ ಕೆಲವು ವರ್ಷ ಮೊದಲೇ ಆಲ್ಬರ್ಟ್ ಎಲ್ಲಿಸ್ ಇದೇ ದಿಕ್ಕಿನಲ್ಲಿ ಹೊರಟಿದ್ದರೂ ಅವರದು ರೋಗಿಯ ತರ್ಕವನ್ನು ನೇರವಾಗಿ ಖಂಡಿಸುವ ರೀತಿ. ಬೆಕ್ ರೋಗಿಯೊಡನೆ ಕೂತು ಹುಡುಕುವ ರೀತಿಯನ್ನು ಆರಿಸಿಕೊಂಡರು.

ಅನಾರೋಗ್ಯಕರ ಆಲೋಚನೆ ಎಂದು ಈ ಪದ್ಧತಿ ಗುರುತಿಸುವುದು ದುಃಖವನ್ನಾಗಲಿ ಚಿಂತೆಯನ್ನಾಗಲಿ ಅಲ್ಲ. ಸಾಕ್ಷಿಯನ್ನು ಮೀರಿ ತೀರ್ಮಾನಕ್ಕೆ ಹಾರುವ ಅಭ್ಯಾಸವನ್ನು. ಒಂದು ವಿಷಯದಲ್ಲಿ ಅಂಕ ಕಡಿಮೆಯಾದ ವಿದ್ಯಾರ್ಥಿ 'ನನ್ನ ಕೈಲಿ ಏನೂ ಆಗಲ್ಲ' ಎಂದುಕೊಳ್ಳುವಾಗ ಒಂದು ಘಟನೆಯಿಂದ ಇಡೀ ಬದುಕಿಗೆ ತೀರ್ಪು ಹೊರಡುತ್ತದೆ. ಮದುವೆ ಮನೆಯಲ್ಲಿ ನೆಂಟರೊಬ್ಬರು ಮಾತಾಡಿಸದೆ ಹೋದರೆ 'ಅವರಿಗೆ ನಾನೆಂದರೆ ಅಸಡ್ಡೆ' ಎನ್ನುವಾಗ ಇನ್ನೊಬ್ಬರ ಮನಸ್ಸನ್ನು ಓದಿದ ಭ್ರಮೆ ಇರುತ್ತದೆ. ಊರಿಗೆ ಹೊರಟ ಮಗ ಫೋನ್ ಎತ್ತದಿದ್ದರೆ 'ಏನೋ ಆಗಿಹೋಗಿದೆ' ಎನ್ನುವಾಗ ಹಲವು ಸಾಧ್ಯತೆಗಳಲ್ಲಿ ಅತಿ ಘೋರವಾದದ್ದೇ ನಿಶ್ಚಿತವೆನಿಸುತ್ತದೆ. ಇವುಗಳ ಅಡಿಯಲ್ಲಿ 'ಎಲ್ಲರ ಮೆಚ್ಚುಗೆ ಸಿಗದಿದ್ದರೆ ನಾನು ಲೆಕ್ಕಕ್ಕಿಲ್ಲ' ಎಂಬಂಥ ನಿಯಮಗಳೂ, ಅವುಗಳಿಗಿಂತ ಆಳದಲ್ಲಿ 'ನಾನು ಯಾರಿಗೂ ಬೇಡವಾದವಳು' ಎಂಬಂಥ, ಬಾಲ್ಯದಿಂದಲೇ ಬೇರೂರಿದ ಮೂಲನಂಬಿಕೆಗಳೂ ಇರುತ್ತವೆ. ಚಿಕಿತ್ಸಕರು ಮೇಲ್ಪದರದಿಂದ ಆರಂಭಿಸಿ, ದಿನದ ಘಟನೆ, ಆಗ ಬಂದ ಆಲೋಚನೆ, ಅದರಿಂದ ಹುಟ್ಟಿದ ಭಾವ, ಅದರ ಪರ ಮತ್ತು ವಿರುದ್ಧದ ಸಾಕ್ಷಿ ಇವನ್ನು ಹಾಳೆಯ ಮೇಲೆ ಬರೆಯಿಸಿ, ನಿಧಾನವಾಗಿ ಕೆಳಗಿಳಿಯುತ್ತಾರೆ.

ಹಾಳೆಯ ಮೇಲಿನ ಈ ವಾದಕ್ಕಿಂತ ಹೆಚ್ಚು ಮನವರಿಕೆ ಮಾಡಿಕೊಡುವುದು ಗಾಬರಿ ಕಾಯಿಲೆಗೆ ಕೊಡುವ ಚಿಕಿತ್ಸೆ. ಪದ್ಧತಿಯ ಹಿರಿಮೆಯನ್ನು ಅಳೆಯಬೇಕಾದದ್ದು ಇಲ್ಲಿಯೇ. ಇದ್ದಕ್ಕಿದ್ದಂತೆ ಎದೆ ಡವಡವಗುಟ್ಟಿ, ಉಸಿರು ಕಟ್ಟಿ, ಕೈಕಾಲು ಜೋಮು ಹಿಡಿದು, ಇನ್ನೇನು ಪ್ರಾಣ ಹೋಯಿತೆಂಬ ಭಯ ಆವರಿಸುವ ಈ ಸ್ಥಿತಿಯಲ್ಲಿ ಹೃದಯದ ಪರೀಕ್ಷೆಗಳೆಲ್ಲ ಸರಿಯಾಗಿಯೇ ಬಂದರೂ ಭಯ ಹೋಗುವುದಿಲ್ಲ. ಬ್ರಿಟನ್ನಿನ ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ 1986ರಲ್ಲಿ ಇದಕ್ಕೆ ಕೊಟ್ಟ ವಿವರಣೆ ಸರಳವಾದದ್ದು: ಎದೆಬಡಿತದಂಥ ಸಾಮಾನ್ಯ ಸಂವೇದನೆಯನ್ನು ಹೃದಯಾಘಾತದ ಸೂಚನೆಯೆಂದು ವ್ಯಕ್ತಿ ತಪ್ಪಾಗಿ ಓದಿಕೊಳ್ಳುತ್ತಾನೆ, ಆ ಓದಿನಿಂದ ಭಯ ಹುಟ್ಟುತ್ತದೆ, ಭಯದಿಂದ ಎದೆಬಡಿತ ಇನ್ನಷ್ಟು ಏರುತ್ತದೆ, ಏರಿದ ಬಡಿತವೇ ಹೊಸ ಸಾಕ್ಷಿಯಾಗುತ್ತದೆ. ಪ್ರತಿ ಬಾರಿಯೂ ಸಾಯದೆ ಉಳಿದರೂ ನಂಬಿಕೆ ಏಕೆ ಅಳಿಯುವುದಿಲ್ಲ ಎಂಬ ಪ್ರಶ್ನೆಗೆ ಪಾಲ್ ಸಾಲ್ಕೋವ್‌ಸ್ಕಿಸ್ ಉತ್ತರ ಕೊಟ್ಟರು: ವ್ಯಕ್ತಿ ಆ ಕ್ಷಣದಲ್ಲಿ ಕುಳಿತುಬಿಡುತ್ತಾನೆ, ಗೋಡೆ ಹಿಡಿಯುತ್ತಾನೆ, ನೀರು ಕುಡಿಯುತ್ತಾನೆ, ಆಮೇಲೆ 'ಹಾಗೆ ಮಾಡಿದ್ದರಿಂದಲೇ ಉಳಿದೆ' ಎಂದುಕೊಳ್ಳುತ್ತಾನೆ. ಈ ರಕ್ಷಣಾ ನಡೆಗಳು ನಂಬಿಕೆ ಸುಳ್ಳಾಗಲು ಅವಕಾಶವನ್ನೇ ಕೊಡುವುದಿಲ್ಲ. ಆದ್ದರಿಂದ ಚಿಕಿತ್ಸಕರು, ಹೃದಯ ಆರೋಗ್ಯವಾಗಿದೆ ಎಂಬುದು ಖಚಿತವಾದ ಮೇಲೆ, ರೋಗಿಯಿಂದ ಬೇಕೆಂದೇ ಒಂದೆರಡು ನಿಮಿಷ ಜೋರಾಗಿ ಉಸಿರಾಡಿಸುತ್ತಾರೆ ಅಥವಾ ಮೆಟ್ಟಿಲು ಹತ್ತಿಸುತ್ತಾರೆ; ಅದೇ ತಲೆಸುತ್ತು, ಅದೇ ಡವಡವ ಬರುತ್ತವೆ; ಗೋಡೆ ಹಿಡಿಯದೆ ನಿಂತರೂ ಏನೂ ಆಗದೆ ಅವು ತಾವಾಗಿಯೇ ಇಳಿಯುತ್ತವೆ. 'ನಿಮಗೇನೂ ಆಗಿಲ್ಲ, ಧೈರ್ಯವಾಗಿರಿ' ಎಂದು ಮನೆಯವರು ನೂರು ಸಲ ಹೇಳಿದರೂ ಆಗದ ಕೆಲಸ ಇಲ್ಲಿ ಆಗುತ್ತದೆ, ಏಕೆಂದರೆ ಹೊಸ ತಿಳಿವಳಿಕೆ ಇನ್ನೊಬ್ಬರ ಬಾಯಿಂದ ಬಾರದೆ ತನ್ನ ಮೈಯಿಂದಲೇ ಬಂದಿರುತ್ತದೆ.

ಖಿನ್ನತೆಯ ವಿಷಯದಲ್ಲಿ ಚಿತ್ರ ಇಷ್ಟು ಸ್ವಚ್ಛವಲ್ಲ. 1977ರಲ್ಲಿ ಪ್ರಕಟವಾದ ಮೊದಲ ಮುಖ್ಯ ಪ್ರಯೋಗದಲ್ಲಿ ಬೆಕ್ ಅವರ ಚಿಕಿತ್ಸೆ ಇಮಿಪ್ರಮಿನ್ ಎಂಬ ಔಷಧವನ್ನು ಮೀರಿಸಿತೆಂದು ಹೇಳಲಾಯಿತಾದರೂ, ಕೊನೆಯ ವಾರಗಳಲ್ಲಿ ಔಷಧದ ಪ್ರಮಾಣವನ್ನು ಇಳಿಸಿದ್ದರಿಂದ ಆ ಹೋಲಿಕೆ ನ್ಯಾಯವಾದದ್ದಲ್ಲವೆಂಬ ಆಕ್ಷೇಪ ಬಂದದ್ದು ಸರಿಯಾಗಿಯೇ ಇದೆ. ಹೆಚ್ಚು ಗಟ್ಟಿಯಾದ ಸಾಕ್ಷಿ ಮರುಕಳಿಕೆಯ ಕುರಿತಾದದ್ದು: 2005ರಲ್ಲಿ ಸ್ಟೀವನ್ ಹಾಲನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಗುಣ ಕಂಡ ಮೇಲೆ ಔಷಧ ನಿಲ್ಲಿಸಿದವರಲ್ಲಿ ಸುಮಾರು ಶೇ. 76 ಮಂದಿಗೆ ಒಂದು ವರ್ಷದೊಳಗೆ ಖಿನ್ನತೆ ಮರುಕಳಿಸಿದರೆ, ಈ ಚಿಕಿತ್ಸೆ ಮುಗಿಸಿದವರಲ್ಲಿ ಆ ಪ್ರಮಾಣ ಸುಮಾರು ಶೇ. 31 ಇತ್ತು. ಮಾತ್ರೆ ನುಂಗುವವರೆಗೆ ಮಾತ್ರ ಕಾಯುತ್ತದೆ, ಕಲಿತ ಕೌಶಲ ಆಮೇಲೆಯೂ ಜೊತೆಗಿರುತ್ತದೆ ಎಂಬ ವಾದಕ್ಕೆ ಇಲ್ಲಿ ಬಲವಿದೆ. ಆದರೆ ಯಾವ ಕೌಶಲ ಎಂಬ ಪ್ರಶ್ನೆಯನ್ನು ಸಿಯಾಟಲ್‌ನ ನೀಲ್ ಜೇಕಬ್‌ಸನ್ 1996ರಲ್ಲಿಯೇ ಎತ್ತಿದ್ದರು. ಅವರು ಚಿಕಿತ್ಸೆಯನ್ನು ಬಿಡಿಬಿಡಿಯಾಗಿಸಿ ನೋಡಿದಾಗ, ಆಲೋಚನೆಗಳ ಗೊಡವೆಗೆ ಹೋಗದೆ ನಿಂತುಹೋದ ದಿನಚರಿಯನ್ನು ಸಣ್ಣಸಣ್ಣ ಕೆಲಸಗಳ ಮೂಲಕ ಮತ್ತೆ ಆರಂಭಿಸಿದ ಗುಂಪು ಪೂರ್ಣ ಚಿಕಿತ್ಸೆ ಪಡೆದ ಗುಂಪಿನಷ್ಟೇ ಸುಧಾರಿಸಿತ್ತು. ಆಲೋಚನೆ ಬದಲಾದರೆ ಬದುಕು ಬದಲಾಗುತ್ತದೆ ಎಂಬ ಮೂಲ ಪ್ರತಿಪಾದನೆಗೆ ಇದು ದೊಡ್ಡ ಪೆಟ್ಟು; ನಡೆ ಬದಲಾದರೂ ಆಲೋಚನೆ ಹಿಂಬಾಲಿಸುತ್ತದೆ ಎಂಬುದನ್ನು ಪದ್ಧತಿಯ ಅಭಿಮಾನಿಗಳು ಮನಸಾರೆ ಒಪ್ಪಿಕೊಳ್ಳಬೇಕು.

ಈ ಚಿಕಿತ್ಸೆಯನ್ನು ವೃತ್ತಿಪರರೇ ಕೊಡಬೇಕೆಂದಿಲ್ಲ ಎಂಬುದನ್ನು ದಕ್ಷಿಣ ಏಷ್ಯಾದ ಅನುಭವ ಹೇಳುತ್ತದೆ. ಪಾಕಿಸ್ತಾನದ ರಾವಲ್ಪಿಂಡಿ ಜಿಲ್ಲೆಯ ಹಳ್ಳಿಗಳಲ್ಲಿ ಅತೀಫ್ ರೆಹಮಾನ್ ಮತ್ತು ಸಂಗಡಿಗರು ಈ ಚಿಕಿತ್ಸೆಯ ತತ್ವಗಳನ್ನು ಅಲ್ಲಿನ ಮಹಿಳಾ ಆರೋಗ್ಯ ಕಾರ್ಯಕರ್ತೆಯರಿಗೆ ಕಲಿಸಿದರು. ಚಿತ್ರಗಳ ನೆರವಿನಿಂದ, ಮಗುವಿನ ಆರೈಕೆಯ ಮಾತಿನ ನಡುವೆಯೇ, ಅವರು ಖಿನ್ನ ಗರ್ಭಿಣಿಯರೊಡನೆ ಮನೆಮನೆಯಲ್ಲಿ ಕೂತು ಮಾತಾಡಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹೆರಿಗೆಯಾದ ಆರು ತಿಂಗಳ ನಂತರ ಖಿನ್ನತೆ ಉಳಿದಿದ್ದದ್ದು ಈ ಗುಂಪಿನ ಶೇ. 23 ತಾಯಂದಿರಲ್ಲಿ, ಹೋಲಿಕೆಯ ಗುಂಪಿನಲ್ಲಿ ಶೇ. 53ರಷ್ಟು. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ಅವರ ತಂಡ ವೃತ್ತಿಪರರಲ್ಲದ ಸ್ಥಳೀಯ ಸಮಾಲೋಚಕರಿಂದ ಆರರಿಂದ ಎಂಟು ಭೇಟಿಗಳಲ್ಲಿ, ಮುಖ್ಯವಾಗಿ ದಿನಚರಿಯನ್ನು ಮತ್ತೆ ಕಟ್ಟುವ ಭಾಗವನ್ನೇ ಆಧರಿಸಿ, ತೀವ್ರ ಖಿನ್ನತೆಗೆ ಚಿಕಿತ್ಸೆ ಕೊಡಿಸಿತು. 2017ರಲ್ಲಿ ಪ್ರಕಟವಾದಂತೆ ಮೂರು ತಿಂಗಳಿಗೆ ಗುಣ ಕಂಡವರು ಶೇ. 64, ಎಂದಿನ ಆರೈಕೆ ಪಡೆದವರಲ್ಲಿ ಶೇ. 39.

ಈ ಪದ್ಧತಿಯ ಮೇಲಿನ ಅತಿ ಗಂಭೀರ ಆಕ್ಷೇಪ ಇನ್ನೊಂದಿದೆ. ಗಂಡನ ಹೊಡೆತ ತಿನ್ನುತ್ತಿರುವ ಹೆಂಗಸು 'ನನಗೆ ದಿಕ್ಕಿಲ್ಲ' ಎಂದಾಗ, ಸಾಲದಲ್ಲಿ ಮುಳುಗಿದ ರೈತ 'ದಾರಿ ಕಾಣುತ್ತಿಲ್ಲ' ಎಂದಾಗ, ಜಾತಿಯ ಕಾರಣಕ್ಕೆ ಅವಮಾನಿತನಾದ ಹುಡುಗ 'ಇಲ್ಲಿ ನನ್ನನ್ನು ಯಾರೂ ಮನುಷ್ಯನೆಂದು ನೋಡುವುದಿಲ್ಲ' ಎಂದಾಗ ಅವು ಆಲೋಚನೆಯ ದೋಷಗಳಲ್ಲ, ಬಹುಪಾಲು ಸರಿಯಾದ ವರದಿಗಳು. ಅಲ್ಲಿ ಹಾಳೆ ಕೊಟ್ಟು ಪುರಾವೆ ಕೇಳುವುದು ಕ್ರೌರ್ಯವೇ ಆಗುತ್ತದೆ. ಪುರಾವೆಗೆ ನಿಷ್ಠನಾದ ಚಿಕಿತ್ಸಕ ಇಂಥ ಕಡೆ ಆಲೋಚನೆ ನಿಜವೆಂದು ಒಪ್ಪಿ, ಕಾನೂನಿನ ನೆರವು, ಸಾಲದ ಪರಿಹಾರ, ಜೊತೆಗೆ ನಿಲ್ಲುವ ಜನ ಇವುಗಳ ಕಡೆಗೆ ತಿರುಗಬೇಕು. 'ದಾರಿಯೇ ಇಲ್ಲ, ಆದ್ದರಿಂದ ಬದುಕಬಾರದು' ಎಂಬ ಮಾತಿನಲ್ಲಿ ಮೊದಲರ್ಧವನ್ನು ಗೌರವದಿಂದ ಕೇಳಿ, 'ಆದ್ದರಿಂದ' ಎಂಬ ಜಿಗಿತವನ್ನಷ್ಟೇ ಪ್ರಶ್ನಿಸುವ ವಿವೇಕ ಕೈಪಿಡಿಯಿಂದ ಬರುವಂಥದ್ದಲ್ಲ.

ಭಾಷೆಯ ತೊಡಕನ್ನೂ ಕಡೆಗಣಿಸಲಾಗದು. ಆಲೋಚನೆ ಬೇರೆ, ಭಾವ ಬೇರೆ ಎಂದು ಎರಡು ಅಂಕಣಗಳಲ್ಲಿ ಬರೆಯಿರಿ ಎಂದರೆ, 'ಎದೆ ಭಾರ', 'ಹೊಟ್ಟೆಯಲ್ಲಿ ಸಂಕಟ', 'ಮನಸ್ಸಿಗೆ ಹಾಗನ್ನಿಸಿತು' ಎಂದು ಮೈಯನ್ನೂ ಮನಸ್ಸನ್ನೂ ಒಟ್ಟಿಗೆ ನುಡಿಯುವ ಕನ್ನಡಿಗರಿಗೆ ಅದು ಪರಕೀಯವಾಗಿ ಕಾಣುವುದು ಸಹಜ. ಅನುವಾದಿತ ಹಾಳೆಗಳ ಬದಲು, ಇಂಥ ನುಡಿಗಟ್ಟುಗಳಿಂದಲೇ ಹೊರಟು, ಓದುಬರಹ ಬಾರದವರಿಗೂ ಒದಗುವಂತೆ ಕಟ್ಟಿದ ಕನ್ನಡದ ಕೈಪಿಡಿಗಳು ಬೇಕು. ಜನರ ಮಾತಿನಲ್ಲಿ ಮನೋರೋಗಗಳನ್ನು ವಿವರಿಸುತ್ತ ಬಂದ ಡಾ. ಸಿ. ಆರ್. ಚಂದ್ರಶೇಖರ್ ಅವರ ಬರಹಗಳು ಅದಕ್ಕೆ ನೆಲೆ ಒದಗಿಸಿವೆ. ಬೆಂಗಳೂರಿನ ನಿಮ್ಹಾನ್ಸ್ ಮುನ್ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಮಾನಸಿಕ ತೊಂದರೆಯುಳ್ಳವರಲ್ಲಿ ಹೆಚ್ಚಿನವರಿಗೆ ಯಾವ ಚಿಕಿತ್ಸೆಯೂ ಸಿಗುತ್ತಿಲ್ಲವೆಂದು ತೋರಿಸಿದೆ. ರಾವಲ್ಪಿಂಡಿಯ ಕಾರ್ಯಕರ್ತೆಯರಿಂದ ಆದ ಕೆಲಸ ಕರ್ನಾಟಕದ ಆಶಾ ಕಾರ್ಯಕರ್ತೆಯರಿಂದ, ತಕ್ಕ ತರಬೇತಿ ಮತ್ತು ತಕ್ಕ ಸಂಭಾವನೆ ದೊರೆತರೆ, ಆಗದಿರಲು ಕಾರಣವಿಲ್ಲ. ಅಲ್ಲಿಯವರೆಗೆ, ಇದನ್ನು ಓದುತ್ತಿರುವವರಲ್ಲಿ ಬದುಕು ಬೇಡವೆಂಬ ಆಲೋಚನೆ ಯಾರಿಗಾದರೂ ಬರುತ್ತಿದ್ದರೆ ಅದನ್ನು ಒಬ್ಬರೇ ಹೊತ್ತು ಕೂರದಿರಲಿ: 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, ಸಂಖ್ಯೆ 14416, ಕನ್ನಡದಲ್ಲಿಯೂ ಉಚಿತವಾಗಿ ಹಗಲಿರುಳೂ ದೊರೆಯುತ್ತದೆ.